ಸಂಪಾದಕರ ಉತ್ತರ: ಕೋಚ್‌ನನ್ನು ಕಳಿಸಿಬಿಟ್ಟರೆ ಗೋಲು ಬರುತ್ತದೆಯೇ?

ಆಸ್ಟಿನ್ ಟೌನ್‌ನಿಂದ ಬರೆದ ಓದುಗರಿಗೆ ನಮಸ್ಕಾರ.

2025ರ ಫೈನಲ್ ಮುಗಿದ ಬೆನ್ನಿಗೇ ನೀವು ಬರೆದ ಉದ್ದನೆಯ ಪತ್ರ ತಲುಪಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಹಾಗಾಗಿ ಉಳಿದ ಓದುಗರಿಗೆ ಅದರ ತಿರುಳನ್ನಷ್ಟೇ ಹೇಳುತ್ತೇನೆ. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಮೈದಾನದಲ್ಲಿ ನಮ್ಮೂರ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಒಂದು ಗೋಲು ಮುಂದಿತ್ತು, ಕೊನೆಗೆ ಮೋಹನ್ ಬಾಗಾನ್‌ಗೆ 1-2ರಿಂದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಬಿಟ್ಟುಕೊಟ್ಟಿತು. ಮುನ್ನಡೆ ಸಿಕ್ಕಿದ ಕೂಡಲೇ ಕೋಚ್ ಜೆರಾರ್ಡ್ ಜರಗೋಜಾ ತಂಡವನ್ನು ಹಿಂದಕ್ಕೆ ಎಳೆದುಕೊಂಡರು, ಬದಲಿ ಆಟಗಾರರನ್ನು ಹೊತ್ತಲ್ಲದ ಹೊತ್ತಿನಲ್ಲಿ ಇಳಿಸಿದರು, ಅವರನ್ನು ಈಗಲೇ ಕಳಿಸಬೇಕು ಎನ್ನುವುದು ನಿಮ್ಮ ವಾದ. ನಿಮ್ಮ ಭಾವನವರು ಒಪ್ಪುವುದಿಲ್ಲ. 40 ವರ್ಷದ ಸುನಿಲ್ ಛೇತ್ರಿಯನ್ನೇ ಇನ್ನೂ ನೆಚ್ಚಿಕೊಂಡಿರುವ ತಂಡಕ್ಕೆ ಯಾವ ಕೋಚ್ ಬಂದರೂ ಅಷ್ಟೇ, ಬದಲಿಸಲೇಬೇಕೆಂದರೆ ಭಾರತೀಯರೊಬ್ಬರನ್ನು ತನ್ನಿ ಎನ್ನುತ್ತಾರೆ. ಭಾನುವಾರದ ಊಟಕ್ಕೆ ಕೂತಾಗ ಈ ಜಗಳ ಶುರುವಾದರೆ ನಿಮ್ಮ ಅಕ್ಕ ಬಂದು ಟಿವಿ ಆರಿಸುವ ತನಕ ನಿಲ್ಲುವುದಿಲ್ಲವಂತೆ. ಯಾರು ಸರಿ ಎಂದು ಪತ್ರಿಕೆ ತೀರ್ಪು ಕೊಡಬೇಕಂತೆ.

ತೀರ್ಪು ಕೊಡುವಷ್ಟು ದೊಡ್ಡವರು ನಾವಲ್ಲ, ಆದರೆ ಅಭಿಪ್ರಾಯಕ್ಕೇನೂ ಬರವಿಲ್ಲ. ಫೈನಲ್ ವಿಷಯದಲ್ಲಿ ನೀವು ಕೋಚ್ ಮೇಲೆ ಹೊರಿಸುತ್ತಿರುವುದು ಹೆಚ್ಚಾಯಿತು. ಕ್ಲಬ್ಬಿನ ಮೇಲೆ ಹೊರಿಸಬೇಕಾದ್ದನ್ನು ಮಾತ್ರ ನೀವಿಬ್ಬರೂ ಕೈಬಿಟ್ಟಿದ್ದೀರಿ.

ಆ ರಾತ್ರಿಯನ್ನೇ ಮತ್ತೊಮ್ಮೆ ನೋಡಿ. ಬೆಂಗಳೂರಿಗೆ ಗೋಲು ಬಂದದ್ದು 49ನೇ ನಿಮಿಷದಲ್ಲಿ. ರಯಾನ್ ವಿಲಿಯಮ್ಸ್ ಹಾಕಿದ ಚೆಂಡನ್ನು ಹೊರಗಟ್ಟಲು ಹೋಗಿ ಬಾಗಾನ್‌ನ ಆಲ್ಬರ್ಟೊ ರೊಡ್ರಿಗಸ್ ತಮ್ಮದೇ ಬಲೆಗೆ ತಳ್ಳಿದರು. 72ನೇ ನಿಮಿಷದಲ್ಲಿ ನಮ್ಮ ಚಿಂಗ್ಲೆನ್ಸಾನಾ ಸಿಂಗ್ ಕೈಗೆ ಚೆಂಡು ತಾಗಿ ಪೆನಾಲ್ಟಿ ಹೋಯಿತು, ಜೇಸನ್ ಕಮಿಂಗ್ಸ್ ಗೋಲು ಮಾಡಿದರು. ಹೆಚ್ಚುವರಿ ಅವಧಿ ಶುರುವಾಗಿ ಐದಾರು ನಿಮಿಷಕ್ಕೆ ಜೇಮಿ ಮೆಕ್ಲಾರೆನ್ ಇನ್ನೊಂದು ಹೊಡೆದರು. 120 ನಿಮಿಷದ ಆಟದಲ್ಲಿ ಬೆಂಗಳೂರಿನ ಆಟಗಾರನೊಬ್ಬನ ಕಾಲಿನಿಂದಾಗಲಿ ತಲೆಯಿಂದಾಗಲಿ ಒಂದೇ ಒಂದು ಗೋಲು ಬರಲಿಲ್ಲ. ಚೆಂಡು ಕೈಗೆ ತಾಗಿದ್ದು ಯಾವ ಕೋಚ್‌ನ ನಿರ್ಧಾರವೂ ಅಲ್ಲ. ಇನ್ನು ಹಿಂದಕ್ಕೆ ಸರಿದು ಆಡಿದ ಮಾತು. ಎದುರಿಗಿದ್ದದ್ದು ಲೀಗ್‌ನಲ್ಲಿ 56 ಅಂಕ ಗಳಿಸಿದ ತಂಡ, ನಮ್ಮದು 38. ಅಂತರ 18. ಅಷ್ಟು ಬಲದ ತಂಡದ ವಿರುದ್ಧ, ಅವರದೇ ಮೈದಾನದಲ್ಲಿ, ಅವರದೇ ಜನರ ನಡುವೆ ಒಂದು ಗೋಲಿನ ಮುನ್ನಡೆ ಸಿಕ್ಕರೆ ಯಾವ ಕೋಚ್ ಆದರೂ ಮೊದಲು ಬಾಗಿಲು ಭದ್ರ ಮಾಡುತ್ತಾನೆ. ಅದೇ ಆಟ 1-0ರಲ್ಲಿ ಮುಗಿದಿದ್ದರೆ ನೀವು ಇದನ್ನೇ ಜಾಣತನ ಎಂದು ಬರೆಯುತ್ತಿದ್ದಿರಿ, ನಾವೂ ಅಚ್ಚು ಹಾಕುತ್ತಿದ್ದೆವು.

ಹಾಗೆಂದು ಫೈನಲ್‌ಗಳ ಸೋಲು ಯಾವಾಗಲೂ ಕೋಚ್‌ನ ತಲೆಗೆ ಬರಬಾರದು ಎಂದಲ್ಲ. 2018ರ ಮಾರ್ಚ್ 17 ನೆನಪಿರಬೇಕು ನಿಮಗೆ, ಕಂಠೀರವದಲ್ಲೇ ನಡೆದ ಫೈನಲ್. ಆ ವರ್ಷ ಬೆಂಗಳೂರು 40 ಅಂಕಗಳೊಂದಿಗೆ ಮೊದಲ ಸ್ಥಾನದಲ್ಲಿತ್ತು, ಎರಡನೆಯ ಚೆನ್ನೈಯಿನ್‌ಗಿಂತ 8 ಅಂಕ ಮೇಲೆ. ಒಂಬತ್ತನೇ ನಿಮಿಷಕ್ಕೇ ಉದಾಂತ ಸಿಂಗ್ ಕ್ರಾಸ್‌ಗೆ ಛೇತ್ರಿ ಜಿಗಿದು ತಲೆ ಕೊಟ್ಟು ಗೋಲು ಮಾಡಿದರು. ಆಮೇಲೆ? ಕಾರ್ನರ್ ಬಂತು, ಚೆನ್ನೈಯಿನ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ತಲೆಯಿಂದ ಹೊಡೆದರು, 1-1. ಮೊದಲರ್ಧ ಮುಗಿಯುವ ಹೊತ್ತಿಗೆ ಮತ್ತೆ ಕಾರ್ನರ್, ಮತ್ತೆ ಅದೇ ಆಲ್ವೆಸ್, ಅದೇ ತಲೆ, 1-2. ಎರಡನೇ ಸಲವೂ ಆ ಎತ್ತರದ ಮನುಷ್ಯನಿಗೆ ಯಾರೂ ಅಂಟಿಕೊಂಡು ನಿಂತಿರಲಿಲ್ಲ. ಅರ್ಧ ಗಂಟೆಯೊಳಗೆ ಒಂದೇ ತಪ್ಪು ಎರಡು ಬಾರಿ ಆದರೆ ಅದು ಅಭ್ಯಾಸದ ಕೊರತೆ, ಬೆಂಚಿನ ಕೊರತೆ. ಪಂದ್ಯ 2-3ಕ್ಕೆ ಕೈತಪ್ಪಿತು. ಅವತ್ತು ಕೋಚ್ ಆಗಿದ್ದ ಸ್ಪೇನಿನ ಆಲ್ಬರ್ಟ್ ರೋಕಾ ಅವರನ್ನು ಬೈದವರು ಕಡಿಮೆ. ಎಲ್ಲರೂ ದುರದೃಷ್ಟ ಎಂದರು.

ಮುಂದಿನ ವರ್ಷದ ಕಥೆ ಇದಕ್ಕಿಂತ ಮುಖ್ಯ. ರೋಕಾ ಹೋದ ಮೇಲೆ ಕ್ಲಬ್ಬು ಹೊಸ ಹೆಸರು ಹುಡುಕಿಕೊಂಡು ಊರೂರು ತಿರುಗಲಿಲ್ಲ, ಅವರ ಸಹಾಯಕ ಕಾರ್ಲೆಸ್ ಕ್ವಾಡ್ರಾಟ್‌ಗೇ ಕುರ್ಚಿ ಕೊಟ್ಟಿತು. ಆಟಗಾರರಿಗೆ ಭಾಷೆ ಹೊಸದಲ್ಲ, ತರಬೇತಿಯ ರೀತಿ ಹೊಸದಲ್ಲ, ಹಿಂದಿನ ಸೋಲಿನ ಗಾಯ ಯಾವುದೆಂದು ಕೋಚ್‌ಗೂ ಗೊತ್ತು. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಎಫ್‌ಸಿ ಗೋವಾ ಎದುರಿನ ಫೈನಲ್ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಹೋಯಿತು. ಗೋವಾದ ಅಹ್ಮದ್ ಜಾಹೂ ಕೆಂಪು ಕಾರ್ಡ್ ಪಡೆದು ಹೊರಹೋದರು. ಪೆನಾಲ್ಟಿ ಶೂಟೌಟ್‌ಗೆ ಇನ್ನೇನು ಮೂರ್ನಾಲ್ಕು ನಿಮಿಷ ಇರುವಾಗ ಡಿಮಾಸ್ ಡೆಲ್ಗಾಡೊ ಕಾರ್ನರ್ ಹಾಕಿದರು, ರಾಹುಲ್ ಭೇಕೆ ತಲೆ ಕೊಟ್ಟರು, ಕಪ್ ಬೆಂಗಳೂರಿಗೆ ಬಂತು. ಹಿಂದಿನ ವರ್ಷ ಕಾರ್ನರ್‌ನಲ್ಲಿ ಕಳೆದುಕೊಂಡ ಫೈನಲ್‌ನ ಸಾಲ ಕಾರ್ನರ್‌ನಲ್ಲೇ ತೀರಿದ್ದು ಕಾಕತಾಳೀಯ ಎಂದು ನಾನು ನಂಬುವುದಿಲ್ಲ.

ಕ್ವಾಡ್ರಾಟ್ ಕಾಲ ಪೂರ್ತಿ ಸ್ವರ್ಗವಾಗಿತ್ತು ಎಂದು ನೀವು ಬರೆದಿರುವುದನ್ನು ಮಾತ್ರ ಸ್ವಲ್ಪ ಇಳಿಸಬೇಕು. 2019ರಲ್ಲಿ ಫಾರ್ವರ್ಡ್ ಮಿಕು ಬಿಟ್ಟು ಹೋದ ಮೇಲೆ ಆ ಜಾಗಕ್ಕೆ ಬಂದ ಮ್ಯಾನುಯೆಲ್ ಓನ್ವು ಇಲ್ಲಿ ಗೋಲು ಕಾಣದೆ ಒದ್ದಾಡಿದರು. ಜನವರಿಯಲ್ಲಿ ಒಡಿಶಾಗೆ ಎರವಲು ಕಳಿಸಿದರು. ಅಲ್ಲಿ ನಾಲ್ಕೇ ಪಂದ್ಯಗಳಲ್ಲಿ 7 ಗೋಲು! ಅದೇ ಮನುಷ್ಯ, ಅದೇ ಕಾಲು, ಅದೇ ವರ್ಷ. ಇಂಥದ್ದಕ್ಕೆ ಕೋಚ್‌ನನ್ನು ಕೇಳಿ, ಖಂಡಿತ ಕೇಳಿ. ಫಾರ್ವರ್ಡ್‌ಗೆ ಚೆಂಡು ಎಲ್ಲಿ ಬೇಕು, ಯಾವಾಗ ಬೇಕು ಎನ್ನುವುದನ್ನು ಗುರುತಿಸುವುದೇ ಅವನ ಕೆಲಸ. ಬದಲಿ ಆಟಗಾರ 70ಕ್ಕೆ ಬರಬೇಕಿತ್ತೋ 75ಕ್ಕೋ ಎನ್ನುವ ಜಗಳಕ್ಕಿಂತ ಈ ಪ್ರಶ್ನೆ ನೂರು ಪಾಲು ಮೇಲು.

2021ರ ಜನವರಿಗೆ ಬರೋಣ. ಕೋವಿಡ್ ಕಾಲ, ಇಡೀ ಲೀಗ್ ಗೋವಾದಲ್ಲಿ, ಖಾಲಿ ಸ್ಟ್ಯಾಂಡ್‌ಗಳ ನಡುವೆ. ಬೆಂಗಳೂರು ಸತತ ಮೂರು ಪಂದ್ಯ ಸೋತಿತು, ಮೂರನೆಯದು ಮುಂಬೈ ಸಿಟಿ ಎದುರು 1-3. ಮಾರನೇ ದಿನವೇ ಕ್ವಾಡ್ರಾಟ್ ಜೊತೆಗಿನ ನಂಟು ಮುಗಿಯಿತು. ನೌಷಾದ್ ಮೂಸಾ ಹಂಗಾಮಿಯಾಗಿ ನಡೆಸಿದರು, ತಂಡ ಏಳನೇ ಸ್ಥಾನಕ್ಕೆ ನಿಂತಿತು. ಕೋಚ್ ಹೋದರೆ ತಂಡ ಎದ್ದು ನಿಲ್ಲುತ್ತದೆ ಎನ್ನುವವರಿಗೆ ಮೊದಲ ಲೆಕ್ಕ ಇದು. ಕ್ವಾಡ್ರಾಟ್ ಮುಂದೆ ಈಸ್ಟ್ ಬೆಂಗಾಲ್‌ಗೆ ಹೋಗಿ 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದು ಕೊಟ್ಟರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲೀಗ್‌ನ ಮೊದಲ ಮೂರೂ ಪಂದ್ಯ ಸೋತು ಅಲ್ಲಿಂದಲೂ ಹೊರಬಂದರು. ಆ ಮೂರರಲ್ಲಿ ಮೊದಲನೆಯದು ಕಂಠೀರವದಲ್ಲಿ, ಬೆಂಗಳೂರು ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ವಿನೀತ್ ವೆಂಕಟೇಶ್ ಹೊಡೆದ ಒಂದೇ ಗೋಲಿನಿಂದ ಸೋತದ್ದು. ಈ ಕುರ್ಚಿಯ ಕಥೆ ಎಲ್ಲ ಊರಿನಲ್ಲೂ ಒಂದೇ.

ಕ್ವಾಡ್ರಾಟ್ ನಂತರ ಕ್ಲಬ್ಬು ತನ್ನ ದಾರಿಯನ್ನೇ ಬಿಟ್ಟಿತು. ಜರ್ಮನಿಯಿಂದ ಮಾರ್ಕೊ ಪೆಜ್ಜೈವೋಲಿ ಬಂದರು, ಒಂದು ಸೀಸನ್ ಆದ ಮೇಲೆ ಹೋದರು. ಇಂಗ್ಲೆಂಡಿನಿಂದ ಸೈಮನ್ ಗ್ರೇಸನ್ ಬಂದರು. ಸ್ಪೇನ್ ರೀತಿಯಲ್ಲಿ ಚೆಂಡು ಇಟ್ಟುಕೊಂಡು ಆಡಲು ಕಟ್ಟಿದ ತಂಡಕ್ಕೆ ಎರಡು ವರ್ಷದಲ್ಲಿ ಎರಡು ಬೇರೆ ಪಾಠ.

ಗ್ರೇಸನ್ ಕಾಲದ ಒಂದು ನಿರ್ಧಾರ ನಿಮ್ಮ ಭಾವನವರಿಗೆ ಬೇಕಾದದ್ದು, ಹಾಗಾಗಿ ಅದನ್ನು ಬಿಡಿಸಿ ಹೇಳುತ್ತೇನೆ. 2022-23ರ ಸೀಸನ್‌ನ ಮೊದಲರ್ಧ ದಯನೀಯವಾಗಿತ್ತು. ಆಮೇಲೆ ಗ್ರೇಸನ್ ಯಾರೂ ಮುಟ್ಟಲು ಹೆದರುವ ಕೆಲಸ ಮಾಡಿದರು: ಛೇತ್ರಿಯನ್ನು ಬೆಂಚಿಗೆ ಕೂರಿಸಿ, ರಾಯ್ ಕೃಷ್ಣ ಜೊತೆಗೆ ಹುಡುಗ ಶಿವಶಕ್ತಿ ನಾರಾಯಣನ್‌ನನ್ನು ಇಳಿಸಿದರು. ಬೆಂಗಳೂರಿನಲ್ಲಿ ಛೇತ್ರಿಯನ್ನು ಕೂರಿಸುವುದೆಂದರೆ ಸುಮ್ಮನೆ ಮಾತೇ? ಬೈಗುಳಕ್ಕೆ ಕೊರತೆ ಇರಲಿಲ್ಲ. ತಂಡ ಲೀಗ್‌ನಲ್ಲಿ ಸತತ ಎಂಟು ಪಂದ್ಯ ಗೆದ್ದು ನಾಲ್ಕನೇ ಸ್ಥಾನಕ್ಕೆ ಏರಿತು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ನಾಕೌಟ್. ಅವತ್ತೂ ಛೇತ್ರಿ ಬದಲಿಯಾಗಿಯೇ ಬಂದರು. ಹೆಚ್ಚುವರಿ ಅವಧಿಯ 97ನೇ ನಿಮಿಷದಲ್ಲಿ ಫ್ರೀಕಿಕ್ ಸಿಕ್ಕಿತು. ಕೇರಳದವರು ಗೋಡೆ ಕಟ್ಟುತ್ತಿದ್ದರು, ಗೋಲ್‌ಕೀಪರ್ ಇನ್ನೂ ಜಾಗ ನೋಡಿಕೊಳ್ಳುತ್ತಿದ್ದರು. ಛೇತ್ರಿ ಕಾಯಲಿಲ್ಲ, ಚೆಂಡನ್ನು ಮೆತ್ತಗೆ ಎತ್ತಿ ಬಲೆಗೆ ಹಾಕಿಬಿಟ್ಟರು. ರೆಫರಿ ಗೋಲು ಎಂದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನೇ ಮೈದಾನದಿಂದ ಕರೆದುಕೊಂಡು ಹೊರಟರು. ಕೋಚ್‌ಗಳ ವಿವಾದಾತ್ಮಕ ನಿರ್ಧಾರಗಳ ಪಟ್ಟಿ ಮಾಡಿದರೆ ಈ ದೇಶದ ಮಟ್ಟಿಗೆ ಇದೇ ಮೇಲೆ ನಿಲ್ಲಬೇಕು. ಪಂದ್ಯ ಬೆಂಗಳೂರಿಗೆ ಸಿಕ್ಕಿತು, ಕೇರಳ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತು, ಕೋಚ್‌ಗೆ 10 ಪಂದ್ಯಗಳ ನಿಷೇಧ. ಕೊಚ್ಚಿಯ ಅಭಿಮಾನಿಗಳು ಮಾತ್ರ ಅವರ ಬೆನ್ನಿಗೇ ನಿಂತರು. ಅಲ್ಲಿಯ ಜನ ನಮಗಿಂತ ತಾಳ್ಮೆಯವರೋ, ಹಠದವರೋ, ಗೊತ್ತಿಲ್ಲ.

ನಾಲ್ಕು ದಿನ ಕಳೆದು ಮುಂಬೈಯಲ್ಲಿ ಸೆಮಿಫೈನಲ್‌ನ ಮೊದಲ ಪಂದ್ಯ. ಅಲ್ಲೂ ಛೇತ್ರಿ ಬೆಂಚಿನಿಂದ ಎದ್ದು ಬಂದು ಕಾರ್ನರ್‌ಗೆ ತಲೆ ಕೊಟ್ಟು ಗೆಲ್ಲಿಸಿದರು. ಬೆಂಚಿಗೆ ಕೂರಿಸಿದ್ದು ಅವಮಾನ ಎಂದವರು, ದಣಿದ ಎದುರಾಳಿಗಳ ಮೇಲೆ ಅನುಭವಿಯನ್ನು ಬಿಡುವ ಉಪಾಯ ಅದು ಎಂದು ಆಗ ಒಪ್ಪಿದರು. ಆ ವರ್ಷದ ಫೈನಲ್ ಪೆನಾಲ್ಟಿಯಲ್ಲಿ ಹೋಯಿತು, ಅದು ಬೇರೆ ಮಾತು. ನಿಮ್ಮ ಭಾವನವರು ಇದನ್ನು ತಮ್ಮ ಪರ ಸಾಕ್ಷಿ ಎನ್ನುವ ಮೊದಲು ಇನ್ನೊಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. 2024-25ರಲ್ಲಿ ಅದೇ ಛೇತ್ರಿ 14 ಗೋಲು ಹೊಡೆದರು, ಡಿಸೆಂಬರ್‌ನಲ್ಲಿ ಕೇರಳದ ಮೇಲೆ ಹ್ಯಾಟ್ರಿಕ್ ಮಾಡಿದರು, ಗೋವಾ ಎದುರಿನ ಸೆಮಿಫೈನಲ್‌ನ 92ನೇ ನಿಮಿಷದಲ್ಲಿ ನಾಮ್‌ಗ್ಯಾಲ್ ಭೂಟಿಯಾ ಕ್ರಾಸ್‌ಗೆ ತಲೆ ಕೊಟ್ಟು ತಂಡವನ್ನು ಫೈನಲ್‌ಗೆ ದಾಟಿಸಿದರು. ತಂಡ ಅವರನ್ನು ನೆಚ್ಚಿಕೊಂಡದ್ದು ಕೋಚ್‌ನ ದೌರ್ಬಲ್ಯವಲ್ಲ, ಇರುವವರಲ್ಲಿ ಗೋಲು ಹೊಡೆಯುವವರು ಅವರೇ. ಅವರ ಜಾಗಕ್ಕೆ ಇನ್ನೊಬ್ಬನನ್ನು ಇಷ್ಟು ವರ್ಷದಲ್ಲಿ ಯಾಕೆ ಬೆಳೆಸಲಿಲ್ಲ ಎಂದು ಕೇಳಿದರೆ ಅದಕ್ಕೆ ಉತ್ತರ ಕೊಡಬೇಕಾದವರು ಕೋಚ್ ನಿಲ್ಲುವ ಟಚ್‌ಲೈನಿನಲ್ಲಿ ನಿಂತಿರುವುದಿಲ್ಲ.

(ಫ್ರೀಕಿಕ್ ಗಲಾಟೆಯ ಮಾರನೇ ದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ರವಿಬಾಬು ರಾಜು ತರಬೇತಿಯ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯವಾಗಿದ್ದಾಗ ಗೆದ್ದದ್ದೇ ಕೊನೆ. ಆ ವಾರ ನಮ್ಮ ಕಚೇರಿಗೆ ಬಂದ ಕಾಗದಗಳೆಲ್ಲ ಫ್ರೀಕಿಕ್ ಬಗ್ಗೆಯೇ. ಸುಮ್ಮನೆ ಹೇಳಿದೆ.)

ಅದೇ ಗ್ರೇಸನ್‌ರನ್ನು 2023ರ ಡಿಸೆಂಬರ್‌ನಲ್ಲಿ ತೆಗೆದರು, ಮುಂಬೈ ಸಿಟಿಗೆ ನಮ್ಮದೇ ಮೈದಾನದಲ್ಲಿ 0-4ರಿಂದ ಸೋತ ಬೆನ್ನಿಗೇ. ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವು, ಹಾಗಾಗಿ ಯಾರೂ ಕಣ್ಣೀರು ಹಾಕಲಿಲ್ಲ. ಆದರೆ ಅದಕ್ಕೂ ಮುಂಚಿನ ಬೇಸಿಗೆಯಲ್ಲಿ ಏನಾಗಿತ್ತು? ರಾಯ್ ಕೃಷ್ಣ ಒಡಿಶಾಗೆ ಹೋದರು, ಸಂದೇಶ್ ಝಿಂಗನ್ ಮತ್ತು ಉದಾಂತ ಗೋವಾಗೆ ಹೋದರು. ಮುಂದೆ ಹೊಡೆಯುವವನೂ ಇಲ್ಲ, ಹಿಂದೆ ತಡೆಯುವವನೂ ಇಲ್ಲ. ಕೃಷ್ಣ ಆ ಸೀಸನ್‌ನಲ್ಲಿ ಒಡಿಶಾಗಾಗಿ 13 ಗೋಲು ಹೊಡೆದರು. ಕೋಚ್ ಬದಲಾದ ಮೇಲೂ ಬೆಂಗಳೂರು ಹತ್ತನೇ ಸ್ಥಾನಕ್ಕಿಂತ ಮೇಲೆ ಬರಲಿಲ್ಲ. ಇದು ಎರಡನೇ ಲೆಕ್ಕ.

ಆಗ ಬಂದವರೇ ಜರಗೋಜಾ, ನೀವು ಕಳಿಸಬೇಕು ಎನ್ನುತ್ತಿರುವವರು. ಇವರು ಹೊಸಬರಲ್ಲ, 2018-19ರಲ್ಲಿ ಕಪ್ ಗೆದ್ದಾಗ ಕ್ವಾಡ್ರಾಟ್‌ರ ಸಹಾಯಕರಾಗಿ ಇದೇ ಬೆಂಚಿನಲ್ಲಿ ಕೂತಿದ್ದವರು. ಕ್ಲಬ್ಬು ಮೂರು ವರ್ಷ ಅಲೆದು ಹಳೆಯ ದಾರಿಗೆ ಮರಳಿತು. ಪೂರ್ತಿ ಸೀಸನ್ ಕೈಗೆ ಸಿಕ್ಕ ಮೊದಲ ಸಲವೇ ತಂಡ ಹತ್ತರಿಂದ ಮೂರಕ್ಕೆ ಏರಿತು, ನಾಕೌಟ್‌ನಲ್ಲಿ ಮುಂಬೈ ಸಿಟಿಯನ್ನು 5-0ರಿಂದ ಬಡಿಯಿತು, ಫೈನಲ್ ಆಡಿತು. ಇಂಥವರನ್ನು ಒಂದು ರಾತ್ರಿಯ ಹೆಚ್ಚುವರಿ ಅವಧಿಗಾಗಿ ಕಳಿಸಿದರೆ ಮತ್ತೆ ಯಾರು ಬರುತ್ತಾರೆ, ಯಾವ ಪಾಠ ತರುತ್ತಾರೆ ಎಂದು ಯೋಚಿಸಿದ್ದೀರಾ? ನಾನಾಗಿದ್ದರೆ ಇನ್ನೆರಡು ವರ್ಷದ ಕರಾರು ಕೈಗಿಟ್ಟು, ಜೊತೆಗೆ ಒಬ್ಬ ಒಳ್ಳೆಯ ಸೆಂಟರ್ ಫಾರ್ವರ್ಡ್‌ನನ್ನು ಕೊಡಿಸುತ್ತಿದ್ದೆ.

ಉಳಿದದ್ದು ನಿಮ್ಮ ಭಾವನವರ ಭಾರತೀಯ ಕೋಚ್ ಮಾತು. ಅದನ್ನು ನೀವು ನಗೆಯಾಡಿದ್ದೀರಿ, ನಾನು ಆಡುವುದಿಲ್ಲ. 2013ರಲ್ಲಿ ಆಶ್ಲಿ ವೆಸ್ಟ್‌ವುಡ್‌ರಿಂದ ಶುರುವಾಗಿ ಜರಗೋಜಾ ತನಕ ಬೆಂಗಳೂರಿನ ಖಾಯಂ ಕೋಚ್‌ಗಳು ಆರು ಜನ, ಆರೂ ಯುರೋಪಿನವರು. ಮೂಸಾ ಆಗಲಿ, ಗ್ರೇಸನ್ ಹೋದ ಮೇಲೆ ಕೆಲವು ದಿನ ತಂಡ ನೋಡಿಕೊಂಡ ರೆನೆಡಿ ಸಿಂಗ್ ಆಗಲಿ, ಹಂಗಾಮಿಯಿಂದ ಮುಂದೆ ಹೋಗಲಿಲ್ಲ. ಅತ್ತ ಖಾಲಿದ್ ಜಮೀಲ್ 2017ರಲ್ಲಿ ಪುಟ್ಟ ಐಜಾಲ್ ತಂಡದಿಂದ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆಲ್ಲಿಸಿದರು, ಅದೂ ರೋಕಾ ಅವರ ಬೆಂಗಳೂರು ನಾಲ್ಕನೇ ಸ್ಥಾನದಲ್ಲಿ ಉಳಿದ ವರ್ಷ. 2025ರಲ್ಲಿ ಜಮ್ಶೆಡ್‌ಪುರವನ್ನು ಸೆಮಿಫೈನಲ್‌ಗೆ ಕೊಂಡೊಯ್ದರು, ಲೀಗ್‌ನಲ್ಲಿ ಅವರಿಗೂ 38 ಅಂಕ, ನಮಗೂ 38. ಜರಗೋಜಾ ಇರಲಿ, ಆದರೆ ಅವರ ಪಕ್ಕದ ಕುರ್ಚಿಯಲ್ಲಿ ಯಾರನ್ನು ಕೂರಿಸಿ ತಯಾರು ಮಾಡುತ್ತಿದ್ದಾರೆ ಎಂದು ಕ್ಲಬ್ಬನ್ನು ಕೇಳುವ ಹಕ್ಕು ನಿಮ್ಮ ಭಾವನವರಿಗಿದೆ. ಅವರು ಆ ಪತ್ರ ಬರೆದರೆ, ಅದನ್ನು ಪೂರ್ತಿ ಅಚ್ಚು ಹಾಕಲು ಜಾಗ ಮಾಡುತ್ತೇವೆ.

— ಸಂಪಾದಕ