ಬಟ್ಟೆ ಅಂಗಡಿಯಿಂದ ಟಿವಿ ಕಾರ್ಖಾನೆವರೆಗೆ: ಅಹ್ಮತ್ ನಾಜಿಫ್ ಜೊರ್ಲು

ನಿಮ್ಮ ಪ್ರಶ್ನೆ ಇಷ್ಟು: ಟರ್ಕಿಯಲ್ಲಿ ಜವಳಿ ವ್ಯಾಪಾರದಿಂದ ಶುರು ಮಾಡಿ ದೊಡ್ಡ ಕೈಗಾರಿಕಾ ಸಮೂಹ ಕಟ್ಟಿದವರು ಇದ್ದಾರಾ? ಬಟ್ಟೆ ಮಾರುವವರಿಗೆ ಅದು ಹೇಗೆ ಸಾಧ್ಯವಾಯಿತು?

ಇದ್ದಾರೆ. ಜಾಸ್ತಿ ಜನ ಸಬಾಂಜಿ ಮನೆತನದ ಹೆಸರು ಹೇಳುತ್ತಾರೆ. ಅದು ಅದಾನಾದ ಹತ್ತಿಯಿಂದ ಬೆಳೆದ ಮನೆ. ಆದರೆ ನೀವು ಕೇಳಿದ್ದಕ್ಕೆ ಸರಿಯಾಗಿ ಹೊಂದುವವರು ಅಹ್ಮತ್ ನಾಜಿಫ್ ಜೊರ್ಲು. ನಾನೂ ಸುಮಾರು ವರ್ಷಗಳಿಂದ ನೂಲು, ಬಟ್ಟೆಯ ವ್ಯಾಪಾರದಲ್ಲೇ ಇರುವವನು. ಇವರ ಬಗ್ಗೆ ಓದಿದಾಗೆಲ್ಲ ಇದು ನಮ್ಮವರ ಕಥೆ ಅನ್ನಿಸುತ್ತದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು 1944ರಲ್ಲಿ, ಪಶ್ಚಿಮ ಟರ್ಕಿಯ ದೆನಿಜ್ಲಿ ಪ್ರಾಂತ್ಯದ ಬಾಬಾದಾಗ್‌ನಲ್ಲಿ. ಬೆಟ್ಟದ ಇಳಿಜಾರಿಗೆ ಅಂಟಿಕೊಂಡಿರುವ ಸಣ್ಣ ಊರು. ಭೂಕುಸಿತದ ಕಾಟ ಬೇರೆ. ಬೇಸಾಯ ಮಾಡೋಣ ಅಂದರೆ ಸಮತಟ್ಟು ಜಾಗವೇ ಕಡಿಮೆ. ಹಾಗಾಗಿ ಮನೆಮನೆಯಲ್ಲೂ ಮಗ್ಗ. ಆ ಸೀಮೆಗೆ ನೇಯ್ಗೆ ಹೊಸದೇನಲ್ಲ. ಹತ್ತಿರದ ಲಾವೊಡಿಸಿಯಾ ಎಂಬ ಪ್ರಾಚೀನ ಪಟ್ಟಣದ ಕುರಿಗಳ ಕಪ್ಪು ಉಣ್ಣೆಯನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ಭೂಗೋಳ ಲೇಖಕ ಸ್ಟ್ರಾಬೊ ಹೊಗಳಿ ಬರೆದಿದ್ದಾನೆ. ಅಹ್ಮತ್ ಅವರ ತಂದೆ ಹಾಜಿ ಮೆಹ್ಮೆತ್ ಜೊರ್ಲು ಸಣ್ಣದೊಂದು ನೇಯ್ಗೆ ಘಟಕ ಇಟ್ಟುಕೊಂಡಿದ್ದರು. 1953ರಲ್ಲಿ ಶುರುವಾದ ಆ ಘಟಕವನ್ನೇ ಜೊರ್ಲು ಸಮೂಹ ಇವತ್ತಿಗೂ ತನ್ನ ಆರಂಭ ಅಂತ ಹೇಳಿಕೊಳ್ಳುತ್ತದೆ.

ನೇಯುವ ಊರಿನಲ್ಲಿ ಬಟ್ಟೆಗೆ ಗಿರಾಕಿ ಸಿಗುವುದಿಲ್ಲ, ಅಲ್ವಾ? ಎಲ್ಲರ ಮನೆಯಲ್ಲೂ ಅದೇ ಮಾಲು. ಮಾರಬೇಕೆಂದರೆ ಊರು ಬಿಡಬೇಕು. ಜೊರ್ಲು ಕುಟುಂಬ ಅಂಗಡಿ ಇಟ್ಟಿದ್ದು ದೇಶದ ಇನ್ನೊಂದು ಮೂಲೆಯಲ್ಲಿ, ಕಪ್ಪು ಸಮುದ್ರದ ದಡದ ಟ್ರಾಬ್ಜಾನ್‌ನಲ್ಲಿ. ಅಹ್ಮತ್ ಹದಿಹರೆಯದಲ್ಲೇ ಆ ಅಂಗಡಿ ಸೇರಿದರು.

ನನ್ನ ಲೆಕ್ಕದಲ್ಲಿ ಅವರ ಕಥೆಯ ಬೇರು ಇರುವುದು ಇಲ್ಲೇ. ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೂತವನಿಗೆ ಗೊತ್ತಾಗುವ ಕೆಲವು ವಿಷಯ ಮಗ್ಗದ ಮುಂದೆ ಕೂತವನಿಗೆ ಗೊತ್ತಾಗುವುದಿಲ್ಲ. ಗಿರಾಕಿ ಬಂದು ಹಾಸಿಗೆ ಬಟ್ಟೆಯ ಅಂಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಾಳೆ. ಬಿಡಿಸಿ ಬೆಳಕಿಗೆ ಹಿಡಿಯುತ್ತಾಳೆ. ಬೆಲೆ ಕೇಳುತ್ತಾಳೆ, ಆಮೇಲೆ ಕೆಳಗಿಟ್ಟು ಪಕ್ಕದ್ದನ್ನು ಎತ್ತಿಕೊಳ್ಳುತ್ತಾಳೆ. ಯಾಕೆ ಕೆಳಗಿಟ್ಟಳು ಅನ್ನುವುದನ್ನು ದಿನಾ ನೋಡಿದವನಿಗೆ ಯಾವ ಮಾಲು ಓಡುತ್ತದೆ, ಯಾವುದು ಕಪಾಟಿನಲ್ಲೇ ಕೂರುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಕಪ್ಪು ಸಮುದ್ರದ ಸೀಮೆ ಹೇಜಲ್‌ನಟ್ ಬೆಳೆಗೆ ಹೆಸರುವಾಸಿ. ಕೊಯ್ಲು ಆಗಸ್ಟ್‌ನಲ್ಲಿ. ಅಂಥ ಕಡೆ ಉದ್ರಿ ಯಾವಾಗ ಕೊಡಬೇಕು, ಯಾವಾಗ ವಸೂಲಿಗೆ ಹೋಗಬೇಕು ಅನ್ನುವುದೂ ಒಂದು ವಿದ್ಯೆಯೇ.

ಆಮೇಲೆ ಅವರು ಇಸ್ತಾಂಬುಲ್‌ಗೆ ಬಂದರು. ಅಲ್ಲಿಂದ ಮುಂದೆ ಅವರು ನಡೆದ ದಾರಿ ಗಮನಿಸಿ. ಮಾರುವುದರಿಂದ ತಯಾರಿಕೆಗೆ, ಬಟ್ಟೆಯಿಂದ ನೂಲಿಗೆ, ಹೀಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದರು. ಹಾಸಿಗೆ ಬಟ್ಟೆ, ಪರದೆ ತಯಾರಿಸಿ ತಮ್ಮದೇ ಹೆಸರಿನಲ್ಲಿ ಮಾರಿದರು. ‘ತಾಚ್’ ಆ ಹೆಸರು, ಕಿರೀಟ ಅಂತ ಅರ್ಥ. ಬುರ್ಸಾದಲ್ಲಿ ಕೊರ್ಟೆಕ್ಸ್ ಎಂಬ ಪಾಲಿಯೆಸ್ಟರ್ ನೂಲಿನ ಕಾರ್ಖಾನೆ ಎದ್ದಿತು. ನೂಲಿನ ದರ ಏರಿದ ತಿಂಗಳು ಮಗ್ಗದವನ ಲಾಭ ಹೇಗೆ ಕರಗಿ ಹೋಗುತ್ತದೆ ಎಂದು ನಮ್ಮ ಕಡೆ ನೇಕಾರರನ್ನು ಕೇಳಿದರೆ ಗೊತ್ತಾಗುತ್ತದೆ. ನೂಲು ಕೈಯಲ್ಲಿದ್ದರೆ ಆ ಭಯ ಅರ್ಧ ಕಡಿಮೆ.

ಪಾಲಿಯೆಸ್ಟರ್ ನೂಲಿಗೆ ಇನ್ನೊಂದು ಸಮಸ್ಯೆ ಇದೆ. ಕರಗಿದ ಪಾಲಿಮರ್ ಅನ್ನು, ಅಂದರೆ ಪ್ಲಾಸ್ಟಿಕ್‌ನಂಥ ವಸ್ತುವನ್ನು, ತುಂಬಾ ಸಣ್ಣ ತೂತುಗಳಿಂದ ಒತ್ತಿ ಎಳೆ ತೆಗೆಯುತ್ತಾರೆ. ಕೆಲಸ ಹಗಲೂ ರಾತ್ರಿ ನಡೆಯಬೇಕು. ಒಂದು ಕ್ಷಣ ಕರೆಂಟ್ ಹೋದರೂ ಎಳೆಗಳೆಲ್ಲ ತುಂಡಾಗುತ್ತವೆ. ಒಳಗೆ ಪಾಲಿಮರ್ ಗಟ್ಟಿಯಾದರೆ ಎಲ್ಲ ಬಿಚ್ಚಿ ತೊಳೆದು ಮೊದಲಿನಿಂದ ಶುರು ಮಾಡಬೇಕು. ಹಾಗಾಗಿ 1993ರಲ್ಲಿ ತಮ್ಮ ಕಾರ್ಖಾನೆಗಳಿಗೆ ಬೇಕಾದ ವಿದ್ಯುತ್ತು, ಹಬೆಗೆಂದೇ ಜೊರ್ಲು ಎನರ್ಜಿ ಕಂಪನಿ ಮಾಡಿದರು. ಅದು ಮುಂದೆ ಗಾಳಿ, ಭೂಶಾಖದ ವಿದ್ಯುತ್ತಿನವರೆಗೂ ಬೆಳೆಯಿತು. ಪಾಕಿಸ್ತಾನದ ಝಿಂಪಿರ್‌ನಲ್ಲೂ ಅವರು ಗಾಳಿ ಯಂತ್ರಗಳನ್ನು ನಿಲ್ಲಿಸಿದರು. ಹೊರಗಿನವರಿಗೆ ‘ಜವಳಿಯವರು ವಿದ್ಯುತ್ತಿಗೆ ಕೈ ಹಾಕಿದರು’ ಅನ್ನಿಸುತ್ತದೆ. ಮೂಲದಲ್ಲಿ ಅದು ನೂಲು ತುಂಡಾಗದಿರಲಿ ಎಂದು ಮಾಡಿದ ಏರ್ಪಾಡು.

ನಿಜವಾಗಿ ಹೊಳೆ ಹಾರಿದ್ದು 1994ರಲ್ಲಿ. ಆ ವರ್ಷ ಟರ್ಕಿಯಲ್ಲಿ ಹಣದ ಬಿಕ್ಕಟ್ಟು. ಅಲ್ಲಿನ ನಾಣ್ಯ ಲಿರಾದ ಬೆಲೆ ಕೆಲವೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು. ಎಲ್ಲರೂ ಕೈ ಬಿಗಿ ಹಿಡಿದಿದ್ದ ಹೊತ್ತಿನಲ್ಲಿ ಜೊರ್ಲು ಮನಿಸಾದಲ್ಲಿದ್ದ ವೆಸ್ಟೆಲ್ ಎಂಬ ಟಿವಿ ಕಂಪನಿ ಕೊಂಡರು.

ವೆಸ್ಟೆಲ್ ಹಿಂದಿನ ಮಾಲೀಕರ ಕಥೆಯನ್ನೂ ಹೇಳಲೇಬೇಕು. ಅದು ಸೈಪ್ರಸ್ ಮೂಲದ ಆಸಿಲ್ ನಾದಿರ್ ಅವರ ಪಾಲಿ ಪೆಕ್ ಸಮೂಹದ್ದು. ನಾದಿರ್ ಕೂಡ ಬಟ್ಟೆಯವರೇ. ಲಂಡನ್ನಿನಲ್ಲಿ ಸಿದ್ಧ ಉಡುಪಿನ ವ್ಯಾಪಾರ ಮಾಡುತ್ತಿದ್ದವರು 1980ರಲ್ಲಿ ಪಾಲಿ ಪೆಕ್ ಎಂಬ ಸಣ್ಣ ಉಡುಪಿನ ಕಂಪನಿ ಹಿಡಿದು, ಹಣ್ಣು, ಎಲೆಕ್ಟ್ರಾನಿಕ್ಸ್ ಎಂದು ಹತ್ತೇ ವರ್ಷದಲ್ಲಿ ಬ್ರಿಟನ್ನಿನ ದೊಡ್ಡ ಕಂಪನಿಗಳ ಸಾಲಿಗೆ ತಂದರು. 1990ರಲ್ಲಿ ಅದು ಕುಸಿಯಿತು. ವಿಚಾರಣೆಗೆ ಮುಂಚೆ 1993ರಲ್ಲಿ ಅವರು ಉತ್ತರ ಸೈಪ್ರಸ್‌ಗೆ ಹೋದರು, 2010ರಲ್ಲಿ ವಾಪಸು ಬಂದರು. 2012ರಲ್ಲಿ ಕಂಪನಿಯ ಹಣ ಕದ್ದ ಅಪರಾಧಕ್ಕೆ 10 ವರ್ಷ ಶಿಕ್ಷೆ ಆಯಿತು. ಇಬ್ಬರೂ ಬಟ್ಟೆಯಿಂದಲೇ ಬಂದವರು, ಒಂದೇ ಟಿವಿ ಕಾರ್ಖಾನೆ ಇಬ್ಬರ ಕೈಯಲ್ಲೂ ಇತ್ತು. ಒಬ್ಬರು ಶೇರು ಪೇಟೆಯ ಬಲದಲ್ಲಿ ಏರಿದರು. ಇನ್ನೊಬ್ಬರು ಮಗ್ಗ, ಅಂಗಡಿ, ನೂಲು ಎಂದು ಮೆಟ್ಟಿಲು ಹತ್ತಿದರು.

ಜೊರ್ಲು ಟಿವಿಯನ್ನೂ ಬಟ್ಟೆಯ ಹಾಗೇ ಮಾರಿದರು ಅನ್ನುವುದು ನನ್ನ ಅಭಿಪ್ರಾಯ. 1996ರ ಜನವರಿ 1ರಿಂದ ಟರ್ಕಿ ಮತ್ತು ಯುರೋಪಿಯನ್ ಯೂನಿಯನ್ ನಡುವೆ ಕೈಗಾರಿಕಾ ಮಾಲಿಗೆ ಸುಂಕ ಹೋಯಿತು. ಆಗಿನ ಟಿವಿ ದಪ್ಪ, ಭಾರ. ಪೂರ್ವ ಏಷ್ಯಾದಿಂದ ಹಡಗಿನಲ್ಲಿ ತರಲು ವಾರಗಟ್ಟಲೆ ಬೇಕು. ಮನಿಸಾಕ್ಕಾದರೆ ಇಜ್ಮಿರ್ ಬಂದರು ಪಕ್ಕದಲ್ಲೇ. ವೆಸ್ಟೆಲ್ ತನ್ನ ಹೆಸರಿಗಾಗಿ ಹಟ ಹಿಡಿಯಲಿಲ್ಲ. ಯುರೋಪಿನ ಅಂಗಡಿಗಳು, ಬ್ರಾಂಡುಗಳು ಯಾವ ಹೆಸರು ಹೇಳಿದರೂ ಅದನ್ನೇ ಹಾಕಿ ಕೊಟ್ಟಿತು. ನೂರು ಕೇಳಿದರೆ ನೂರು, ಬೇರೆ ಮಾದರಿ ಕೇಳಿದರೆ ಬೇರೆ ಮಾದರಿ. ಬಟ್ಟೆಗೆ ಗಿರಾಕಿಯ ಲೇಬಲ್ ಹೊಲಿದು ಕೊಡುವುದು ನಮ್ಮ ಕಸುಬಿನಲ್ಲಿ ದಿನನಿತ್ಯದ ಮಾತು. ಮನಿಸಾದ ಆ ಕಾರ್ಖಾನೆ ಈಗ 10 ಲಕ್ಷ ಚದರ ಮೀಟರ್ ದಾಟಿ ಹರಡಿದೆ. ಫ್ರಿಜ್, ವಾಷಿಂಗ್ ಮಷಿನ್ ಕೂಡ ಅಲ್ಲೇ ಆಗುತ್ತವೆ.

ಬ್ಯಾಂಕಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1997ರಲ್ಲಿ ಸರ್ಕಾರದಿಂದ ದೆನಿಜ್‌ಬ್ಯಾಂಕನ್ನು 6.6 ಕೋಟಿ ಡಾಲರಿಗೆ ಕೊಂಡರು. 2006ರಲ್ಲಿ ಅದರ 75% ಪಾಲನ್ನು ಡೆಕ್ಸಿಯಾ ಎಂಬ ಯುರೋಪಿನ ಬ್ಯಾಂಕಿಗೆ ಮಾರಿದಾಗ ಬಂದದ್ದು ಸುಮಾರು 240 ಕೋಟಿ ಡಾಲರ್. ಬೆಲೆ ಇದ್ದಾಗ ಕೈಬಿಡುವ ವ್ಯಾಪಾರಿ ಬುದ್ಧಿ ಅಲ್ಲಿ ಎದ್ದು ಕಾಣುತ್ತದೆ.

ಎಲ್ಲವೂ ಹೂವಿನ ಹಾಸಿಗೆ ಅಂತ ನಾನು ಹೇಳುವುದಿಲ್ಲ. 2007ರಲ್ಲಿ ಇಸ್ತಾಂಬುಲ್‌ನ ಜಿಂಜಿರ್ಲಿಕುಯುದಲ್ಲಿ ಹೆದ್ದಾರಿ ಇಲಾಖೆಯ ಜಾಗವನ್ನು 80 ಕೋಟಿ ಡಾಲರಿಗೆ ಹರಾಜಿನಲ್ಲಿ ಹಿಡಿದರು. 2013ರಲ್ಲಿ ಅಲ್ಲಿ ಜೊರ್ಲು ಸೆಂಟರ್ ತೆರೆಯಿತು. ಮನೆ, ಹೋಟೆಲ್, ಮಾಲ್, ದೊಡ್ಡ ರಂಗಮಂದಿರ ಎಲ್ಲ ಇವೆ. ಆದರೆ ಕಟ್ಟಡದ ಗಾತ್ರದ ಬಗ್ಗೆ ಆಕ್ಷೇಪಗಳು ಬಂದವು. ವೆಸ್ಟೆಲ್ ಕೂಡ ಇತ್ತೀಚೆಗೆ ಸಾಲ, ನಷ್ಟದಲ್ಲಿ ಒದ್ದಾಡುತ್ತಿದೆ. ಚೀನಾದ ಟಿವಿಗಳ ಬೆಲೆಯ ಎದುರು ನಿಲ್ಲುವುದು ಸುಲಭವಲ್ಲ. ಟರ್ಕಿಯ ಟಾಗ್ ವಿದ್ಯುತ್ ಕಾರಿನ ಪಾಲುದಾರರಲ್ಲೂ ಜೊರ್ಲು ಸಮೂಹ ಇದೆ. ಆ ಕಾರ್ಖಾನೆ ಇರುವುದೂ ಬುರ್ಸಾ ಪ್ರಾಂತ್ಯದಲ್ಲೇ, ಗೆಮ್ಲಿಕ್‌ನಲ್ಲಿ.

ನೀವು ಯಾವಾಗಲಾದರೂ ಟರ್ಕಿಗೆ ಹೋದರೆ ಒಂದು ಕೆಲಸ ಮಾಡಿ. ಯಾವುದಾದರೂ ಅಂಗಡಿಯಲ್ಲಿ ತಾಚ್ ಹಾಸಿಗೆ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ. ಟ್ರಾಬ್ಜಾನ್ ಅಂಗಡಿಯ ಹುಡುಗ ದಿನಾ ನೋಡುತ್ತಿದ್ದುದು ಅದನ್ನೇ.