ನಾಯಿಮರಿ ಸಿಕ್ಕಿದ್ದನ್ನೆಲ್ಲ ಕಚ್ಚಿಕೊಂಡು ಓಡುತ್ತೆ, ಕಿತ್ತುಕೊಳ್ಳೋಕೆ ಹೋದರೆ ಗುರ್ ಅನ್ನುತ್ತೆ. ಹೊಡೆದು ಬುದ್ಧಿ ಕಲಿಸಬೇಕಾ?

ಮರಿಗೆ ಐದು ತಿಂಗಳು ಅಂದಿದ್ದೀರಿ. ಕಾಲುಚೀಲ, ಚಪ್ಪಲಿ, ರಿಮೋಟು ಯಾವುದು ಸಿಕ್ಕರೂ ಎತ್ತಿಕೊಂಡು ಮಂಚದ ಕೆಳಗೆ ನುಗ್ಗುತ್ತೆ, ಕೈ ಹಾಕಿದರೆ ಮೊನ್ನೆಯಿಂದ ಗುರ್ ಅನ್ನೋಕೆ ಶುರು ಮಾಡಿದೆ, ಪರಿಚಯದವರು "ಈಗಲೇ ಎರಡು ಬಿಗಿದು ಯಜಮಾನ ಯಾರು ಅಂತ ತೋರಿಸಿ" ಅಂದಿದ್ದಾರೆ, ಮಾಡಲಾ ಅಂತ ಕೇಳಿದ್ದೀರಿ.

ಬೇಡ. ಅದನ್ನು ಮಾಡಿ ಕೆಟ್ಟವನು ನಾನು, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತೀನಿ.

ನಮ್ಮ ಕರಿಯ ಮೊದಲ ಸಲ ಕಾಲುಚೀಲ ಎತ್ತಿಕೊಂಡಾಗ ಓಡಲೇ ಇಲ್ಲ. ಬಾಲ ಅಲ್ಲಾಡಿಸಿಕೊಂಡು ನನ್ನ ಹತ್ತಿರವೇ ತಂದ, ನೋಡು ಏನು ಸಿಕ್ಕಿತು ಅನ್ನೋ ಹಾಗೆ. ನಾನು ಕೂಗಿಕೊಂಡು ಎದ್ದೆ. ಅವನಿಗೆ ಅದಕ್ಕಿಂತ ಮಜಾ ಇನ್ನೇನು ಬೇಕು? ವಾರದೊಳಗೆ ಊಟದ ಮೇಜಿನ ಸುತ್ತ ನಮ್ಮಿಬ್ಬರ ಮುಟ್ಟಾಟ ಶುರುವಾಯಿತು. ನಾನು ಎಡಕ್ಕೆ ಹೆಜ್ಜೆ ಇಟ್ಟರೆ ಅವನು ಬಲಕ್ಕೆ. ಕೊನೆಗೆ ಮೂಲೆಗೆ ಒತ್ತರಿಸಿ, ದವಡೆ ಬಿಡಿಸಿ ಕಿತ್ತುಕೊಳ್ಳುತ್ತಿದ್ದೆ. ಗುರ್ ಅಂದ ಒಂದೆರಡು ಸಲ ಮೂತಿಗೆ ಹೊಡೆದದ್ದೂ ಉಂಟು.

ಹೀಗೇ ಒಂದು ಸಂಜೆ ಅವನು ಕಾಲೊರಸಿನ ಮೇಲೆ ಮಲಗಿ ಒಂದು ಚೂರು ಟಿಶ್ಯೂ ಪೇಪರ್ ಅಗಿಯುತ್ತಿದ್ದ. ನಾನು ನಾಲ್ಕು ಹೆಜ್ಜೆ ದೂರ ಇದ್ದಾಗಲೇ ಅಗಿಯೋದು ನಿಂತಿತು. ಕುತ್ತಿಗೆ ತಗ್ಗಿಸಿ ಪೇಪರಿನ ಮೇಲೆ ಗದ್ದ ಇಟ್ಟ. ತಲೆ ಅಲ್ಲಾಡಲಿಲ್ಲ, ಕಣ್ಣು ಮಾತ್ರ ನನ್ನ ಕಡೆ ಹೊರಳಿತು, ಅಂಚಲ್ಲಿ ಬಿಳಿ ಕಾಣುವಷ್ಟು. ಮೈ ಮರದ ಕೊರಡು. ಇದೆಲ್ಲ ಓದೋಕೆ ನನಗೆ ಆಗ ಬರುತ್ತಿರಲಿಲ್ಲ. ಕೈ ಚಾಚಿದೆ. ಗುರ್ ಕೂಡ ಅನ್ನಲಿಲ್ಲ, ಹಲ್ಲು ಮುಂಗೈಗೆ ತಾಗಿತು. ಚರ್ಮ ಹರಿಯಲಿಲ್ಲ, ಎರಡು ಕೆಂಪು ಗೆರೆ ಅಷ್ಟೆ. ಆದರೆ ಒಂದು ಟಿಶ್ಯೂ ಪೇಪರಿಗೆ! ಆ ರಾತ್ರಿ ಹೊಳೆಯಿತು: ಅವನು ಕಾಯುತ್ತಿದ್ದದ್ದು ಪೇಪರನ್ನಲ್ಲ. ಈ ಕೈ ಬಂತು ಅಂದರೆ ಏನೋ ಹೋಯಿತು ಅಂತ ಅರ್ಥ, ಅಂತ ನಾನೇ ದಿನಕ್ಕೆ ಹತ್ತು ಸಲ ಪಾಠ ಮಾಡಿದ್ದೆ.

ಅವನು ಗುರ್ ಅನ್ನದೆ ಕಚ್ಚಿದ್ದೂ ಅದಕ್ಕೇ. ಮೊದಲು ಅಂದಾಗಲೆಲ್ಲ ಏಟು ತಿಂದಿದ್ದ. ಗುರ್ ಅನ್ನೋದು ನಾಯಿ ಕೊಡುವ ನೋಟಿಸು, ಕಚ್ಚೋಕೆ ಇಷ್ಟವಿಲ್ಲದ ನಾಯಿಯೇ ಅದನ್ನು ಕೊಡೋದು. ಹೊಡೆದು ಅದನ್ನು ನಿಲ್ಲಿಸಿದರೆ ಬೆಕ್ಕಿಗೆ ಕಷ್ಟಪಟ್ಟು ಕಟ್ಟಿದ ಗಂಟೆಯನ್ನು ನಾವೇ ಬಿಚ್ಚಿದ ಹಾಗೆ. ಭಯ ಒಳಗೇ ಇರುತ್ತೆ, ಸದ್ದು ಮಾತ್ರ ಹೋಗುತ್ತೆ. ನಿಮ್ಮ ಮರಿ ಇನ್ನೂ ಗುರ್ ಅನ್ನುತ್ತಿದೆ ಅನ್ನೋದು ನಿಮ್ಮ ಪುಣ್ಯ.

ಈ "ಯಜಮಾನ" ಮಾತಿನ ಬಗ್ಗೆಯೂ ಒಂದು ಮಾತು. ಅದರ ಬೇರು ಹೆಚ್ಚಾಗಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ತೋಳಗಳ ಅಧ್ಯಯನದಲ್ಲಿದೆ. ಅವು ಬೋನಿನೊಳಗೆ ಕೂಡಿಹಾಕಿದ್ದ ತೋಳಗಳು. 'ಆಲ್ಫಾ' ತೋಳ, ಅಂದರೆ ಹೊಡೆದಾಡಿ ಗುಂಪನ್ನು ಆಳುವ ಯಜಮಾನ ತೋಳ ಅನ್ನುವ ಕಲ್ಪನೆಯನ್ನು 1970ರ ಪುಸ್ತಕದಿಂದ ಜನಪ್ರಿಯ ಮಾಡಿದ ಡೇವಿಡ್ ಮೆಕ್ ಅವರೇ, ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು ಅಷ್ಟೇ ಅಂತ 1999ರಲ್ಲಿ ಬರೆದರು. ಆ ಮಾತು ನಿಮ್ಮ ಪರಿಚಯದವರಿಗೆ ಇನ್ನೂ ತಲುಪಿದ ಹಾಗಿಲ್ಲ.

ಸರಿ, ಮಾಡೋದೇನು. ಮೊದಲು ಕಳ್ಳತನಕ್ಕೆ ಅವಕಾಶ ಕಡಿಮೆ ಮಾಡಿ. ಈ ವಯಸ್ಸಲ್ಲಿ 28 ಹಾಲುಹಲ್ಲು ಬಿದ್ದು 42 ಹೊಸ ಹಲ್ಲು ಬರುತ್ತಿರುತ್ತೆ, ವಸಡು ನವೆಯಾಗುತ್ತೆ, ಬಾಯಿಗೆ ಏನಾದರೂ ಬೇಕೇ ಬೇಕು. ಚಪ್ಪಲಿ ಮೇಲಿಡಿ, ಕಸದ ಬುಟ್ಟಿಗೆ ಮುಚ್ಚಳ ಹಾಕಿ, ಬಚ್ಚಲು ಬಾಗಿಲು ಎಳೆದುಕೊಳ್ಳಿ, ಅಗಿಯೋಕೆ ಅದರದ್ದೇ ಸಾಮಾನು ನಾಲ್ಕಾರು ಕೊಡಿ.

ಎರಡನೆಯದು, ಇವತ್ತಿನಿಂದ ಅಟ್ಟಿಸಿಕೊಂಡು ಹೋಗಬೇಡಿ. ಹಾಳಾದರೂ ನಷ್ಟವಿಲ್ಲ, ನುಂಗಿದರೂ ಅಪಾಯವಿಲ್ಲ ಅನ್ನುವ ವಸ್ತುವಾದರೆ ಆ ಕಡೆ ನೋಡಲೂಬೇಡಿ. ವಾಪಸ್ ಬೇಕೇಬೇಕಾದರೆ ಉಲ್ಟಾ ದಿಕ್ಕಿಗೆ ನಡೆದು ತಿಂಡಿ ಡಬ್ಬಿ ಅಲ್ಲಾಡಿಸಿ. ಹಿಂದೆ ಬಿದ್ದರೆ ಓಡುವ ಮರಿಯೇ, ಬೆನ್ನು ತಿರುಗಿಸಿದರೆ ಹಿಂದೆ ಬರುತ್ತೆ.

ಮೂರನೆಯದೇ ನಿಜವಾದ ಕೆಲಸ, "ಬಿಡು" ಕಲಿಸೋದು. ಬಾಯಲ್ಲಿ ಏನೂ ಇಲ್ಲದಾಗ ಶುರು ಮಾಡಿ. ಬೇಯಿಸಿದ ಕೋಳಿಮಾಂಸವನ್ನು ಉಪ್ಪು ಖಾರ ಹಾಕದೆ ಕಡಲೆಕಾಳಿನಷ್ಟು ಚೂರು ಮಾಡಿಟ್ಟುಕೊಳ್ಳಿ. ಮೆತ್ತಗೆ "ಬಿಡು" ಅನ್ನಿ, ಒಂದು ಕ್ಷಣ ತಡೆದು ಐದಾರು ಚೂರು ನೆಲಕ್ಕೆ ಹಾಕಿ. ಮರಿ ತಿನ್ನುವಾಗ ಬೆರಳಲ್ಲಿ ಒಂದೊಂದೇ ಚೂರು ತೋರಿಸುತ್ತಾ ಹೋಗಿ. ಬೆರಳು ತೋರಿಸೋದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಇಲ್ಲೇ ಕೈಯ ಅರ್ಥ ಬದಲಾಗೋದು. ಒಂದು ಸಲಕ್ಕೆ ಮೂರು ಬಾರಿ, ದಿನಕ್ಕೆ ಎರಡು ಹೊತ್ತು ಸಾಕು. ಮಾತು ಕಿವಿಗೆ ಬಿದ್ದ ಕೂಡಲೇ ಮರಿ ನೆಲ ನೋಡೋಕೆ ಶುರು ಮಾಡಿತು ಅಂದರೆ ಕಲಿತಿದೆ. ಆಮೇಲೆ ಅದಕ್ಕೆ ಅಷ್ಟೇನೂ ಆಸೆಯಿಲ್ಲದ ಆಟಿಕೆ ಬಾಯಲ್ಲಿದ್ದಾಗ ಇದೇ ಆಟ. ಅದು ತಿನ್ನುತ್ತಿರುವಾಗ ಆಟಿಕೆ ಎತ್ತಿ, ನೋಡಿ, ವಾಪಸ್ ಕೊಟ್ಟುಬಿಡಿ.

ವಾಪಸ್ ಕೊಡೋದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಟ್ಟದ್ದು ಹತ್ತರಲ್ಲಿ ಎಂಟು ಸಲ ತಿರುಗಿ ಸಿಗುತ್ತೆ, ಜೊತೆಗೆ ಮಾಂಸವೂ ಸಿಗುತ್ತೆ ಅಂದಮೇಲೆ ಯಾವ ನಾಯಿ ಜಗಳಕ್ಕೆ ನಿಲ್ಲುತ್ತೆ?

ನಾನು ಮಾಡಿದ ತಪ್ಪು: ಮೊದಲು ಮಾಂಸ ತೋರಿಸಿ ಆಮೇಲೆ "ಬಿಡು" ಅನ್ನುತ್ತಿದ್ದೆ. ಅದು ಲಂಚ. ಕರಿಯ ಮೊದಲು ನನ್ನ ಕೈ ನೋಡಿ, ರೇಟು ಗಿಟ್ಟದಿದ್ದರೆ ಚಪ್ಪಲಿ ಬಿಡುತ್ತಲೇ ಇರಲಿಲ್ಲ. ಮಾತು ಮೊದಲು ಬರಬೇಕು, ತಿಂಡಿ ಆಮೇಲೆ. ಇನ್ನೊಂದು: ಸ್ವಲ್ಪ ದಿನದಲ್ಲಿ ಅವನು ವ್ಯಾಪಾರಕ್ಕೇ ಇಳಿದ. ಬೇಕಂತಲೇ ಕಾಲುಚೀಲ ತಂದು ನನ್ನ ಮುಂದೆ ಉದುರಿಸಿ ಕೂರುತ್ತಿದ್ದ. ಮನೆಯವರೆಲ್ಲ ಕೆಟ್ಟ ಚಾಳಿ ಕಲಿಸಿದೆ ಅಂದರು. ನನಗೇನೋ ಕದ್ದ ಮಾಲನ್ನು ಮಂಚದ ಕೆಳಗೆ ಒಯ್ಯೋ ನಾಯಿಗಿಂತ ನನ್ನ ಕಾಲ ಬಳಿ ತರೋ ನಾಯಿಯೇ ವಾಸಿ. ಚಪ್ಪಲಿ ಮೂಸಿ ಮುಟ್ಟದೆ ಮುಂದೆ ಹೋದಾಗಲೂ ಒಂದು ಚೂರು ಕೊಡೋಕೆ ಶುರು ಮಾಡಿದೆ, ವ್ಯಾಪಾರ ತಾನಾಗೇ ಕಡಿಮೆಯಾಯಿತು.

ತಟ್ಟೆಯ ವಿಷಯಕ್ಕೂ ಇದೇ. ಅಭ್ಯಾಸವಾಗಲಿ ಅಂತ ಉಣ್ಣುವಾಗ ತಟ್ಟೆಗೆ ಕೈ ಹಾಕೋದು, ತಟ್ಟೆ ಎಳೆಯೋದು ಬೇಡ, ನಮಗೆ ಯಾರಾದರೂ ಹಾಗೆ ಮಾಡಿದರೆ ಹೇಗಿರುತ್ತೆ? ಮೈ ಬಿಗಿಯಾಗದಷ್ಟು ದೂರದಲ್ಲಿ ಹಾದುಹೋಗುತ್ತಾ ತಟ್ಟೆಯ ಕಡೆ ಒಂದು ಮಾಂಸದ ಚೂರು ಎಸೆದು ನಿಲ್ಲದೆ ಹೋಗಿ. ದೂರ ದಿನದಿನಕ್ಕೆ ತಾನಾಗಿ ಕಡಿಮೆಯಾಗುತ್ತೆ.

ಈ ಮಧ್ಯೆ ಮತ್ತೆ ಗುರ್ ಅಂದರೆ ಅಲ್ಲೇ ನಿಲ್ಲಿ, ಒಂದು ಹೆಜ್ಜೆ ಹಿಂದೆ ಸರಿಯಿರಿ. ಪಕ್ಕದ ಕೋಣೆಯಲ್ಲಿ ತಿಂಡಿ ಚೆಲ್ಲಿ, ಮರಿ ಆ ಕೋಣೆಗೆ ಹೋದಮೇಲೆ ಬಾಗಿಲು ಹಾಕಿ ವಸ್ತು ಎತ್ತಿಕೊಳ್ಳಿ. ಸೋತೆ ಅಂದುಕೊಳ್ಳಬೇಡಿ, ಅವತ್ತು ಅವಸರಪಟ್ಟಿದ್ದೀರಿ ಅಷ್ಟೆ.

ಬಾಯಲ್ಲಿರೋದು ಚಾಕೊಲೇಟು, ದ್ರಾಕ್ಷಿ, ಮಾತ್ರೆ, ಕ್ಸೈಲಿಟಾಲ್ (ಸಕ್ಕರೆ ಬದಲು ಬಳಸೋ ಸಿಹಿ) ಹಾಕಿದ ಚೂಯಿಂಗ್ ಗಮ್, ಬಟನ್ ಬ್ಯಾಟರಿ ಇಂಥದ್ದಾದರೆ ಪಾಠ ಪಕ್ಕಕ್ಕಿಡಿ, ಮನೆಯಲ್ಲಿರೋ ಅತ್ಯಂತ ರುಚಿಯಾದದ್ದನ್ನು ಮುಷ್ಟಿಗಟ್ಟಲೆ ಚೆಲ್ಲಿ. ನುಂಗಿದ್ದರೆ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬೇಡಿ. ಕಾಲುಚೀಲ ನುಂಗಿದರೂ ತಿಳಿಸಿ, ಕರುಳಿಗೆ ಸಿಕ್ಕಿಕೊಳ್ಳಬಹುದು. ದಾರ ಬಾಯಿಂದಲೋ ಹಿಂದಿನಿಂದಲೋ ನೇತಾಡುತ್ತಿದ್ದರೆ ಎಳೆಯಲೇಬಾರದು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಾಯಿಯ ಬಾಯಿಂದ ಏನನ್ನೂ ಅವರು ತೆಗೆಯಕೂಡದು, ದೊಡ್ಡವರನ್ನು ಕೂಗಬೇಕು. ಹಲ್ಲು ತಾಗಿ ಚರ್ಮ ಹರಿದರೆ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ, ಮರಿಗೆ ರೇಬೀಸ್ ಲಸಿಕೆ ಆಗಿದ್ದರೂ. ಕಚ್ಚೋದು ಶುರುವಾದರೆ, ಅಥವಾ ನೀವು ಬಾಗಿಲಲ್ಲಿ ಕಾಣಿಸಿಕೊಂಡರೇ ಮೈ ಬಿಗಿದರೆ, ಮೊದಲು ಎಲ್ಲಾದರೂ ನೋವಿದೆಯಾ ಅಂತ ಪಶುವೈದ್ಯರಿಗೆ ತೋರಿಸಿ, ಆಮೇಲೆ ಹೊಡೆಯದೆ ಕಲಿಸುವ ತರಬೇತುದಾರರನ್ನು ಹುಡುಕಿ.

ಕರಿಯನಿಗೆ ಸುಮಾರು ಎರಡು ತಿಂಗಳು ಹಿಡಿಯಿತು, ನಾನು ಮೊದಲು ಕೆಡಿಸಿದ್ದರಿಂದ. ನಿಮ್ಮದು ಇನ್ನೂ ಅಷ್ಟು ದೂರ ಹೋಗಿಲ್ಲ. ಮಂಚದ ಕೆಳಗೆ ಮಾತ್ರ ಇವತ್ತೇ ಒಂದು ಹಲಗೆ ಅಡ್ಡ ಇಟ್ಟುಬಿಡಿ. ಮರಿ ಒಳಗಿಲ್ಲದಾಗ.