ಆ ಹುಡುಗನನ್ನು ಕೊಚೀಸ್ ಕದ್ದಿದ್ದನೇ?

ಪ್ರಿಯ ಓದುಗರೇ,

ಅಮೆರಿಕದ ಮೂಲನಿವಾಸಿಗಳಾದ ಅಪಾಚೆಗಳ ನಾಯಕ ಕೊಚೀಸ್ ಕುರಿತ ನಮ್ಮ ಲೇಖನ ಓದಿ ಎರಡು ಪ್ರಶ್ನೆ ಕೇಳಿದ್ದೀರಿ. ಅಮೆರಿಕದ ಸೇನೆಯ ಒಬ್ಬ ಲೆಫ್ಟಿನೆಂಟ್ ದುಡುಕಿದ್ದಕ್ಕೆ ಕೊಚೀಸ್ ಹತ್ತು ವರ್ಷ ಮೀರಿ ಯುದ್ಧ ಮಾಡಿದನೇ, ಕಾಣೆಯಾದ ಹುಡುಗನನ್ನು ಅವನೇ ಕದ್ದಿರಬಹುದಲ್ವಾ ಅನ್ನೋದು ಒಂದು. ಅವನ ಫೋಟೋ ಯಾಕೆ ಹಾಕಲಿಲ್ಲ ಅನ್ನೋದು ಇನ್ನೊಂದು.

1861ರ ಜನವರಿಯಲ್ಲಿ, ಇಂದಿನ ಅರಿಜೋನಾದಲ್ಲಿ, ಜಾನ್ ವಾರ್ಡ್ ಎಂಬವನ ಮಲಮಗ ಫೆಲಿಕ್ಸ್‌ನನ್ನು ಅಪಾಚೆಗಳು ಎತ್ತಿಕೊಂಡು ಹೋದದ್ದು ನಿಜ. ಆದರೆ ಅವರು ಪಶ್ಚಿಮದ ಬೇರೆ ಪಂಗಡದವರು. ಹುಡುಗ ಅವರ ನಡುವೆಯೇ ಬೆಳೆದ. ಮುಂದೆ ಮಿಕಿ ಫ್ರೀ ಎಂಬ ಹೆಸರಿನಲ್ಲಿ ಅಮೆರಿಕದ ಸೇನೆಗೇ ದುಭಾಷಿಯಾದ!

ಹುಡುಗನನ್ನು ಹುಡುಕಿ ಹೊರಟ ಲೆಫ್ಟಿನೆಂಟ್ ಜಾರ್ಜ್ ಬ್ಯಾಸ್ಕಮ್ ಫೆಬ್ರವರಿಯಲ್ಲಿ ಅಪಾಚೆ ಪಾಸ್ ಎಂಬ ಕಣಿವೆ ದಾರಿಯಲ್ಲಿ ಡೇರೆ ಹಾಕಿ ಕೊಚೀಸನನ್ನು ಕರೆಸಿದ. ಅವನು ಹೆಂಡತಿ ಮಕ್ಕಳು, ಸೋದರನ ಜೊತೆ ಬಂದ. ಜಗಳ ಕಾಯುವವನು ಮನೆಮಂದಿಯನ್ನು ಕಟ್ಟಿಕೊಂಡು ಬರ್ತಾನಾ? ನಮ್ಮವರು ಕದ್ದಿಲ್ಲ, ವಿಚಾರಿಸಿ ಬಿಡಿಸಿಕೊಡುತ್ತೇನೆ ಎಂದ. ಬ್ಯಾಸ್ಕಮ್ ನಂಬಲಿಲ್ಲ. ಹುಡುಗ ಸಿಗುವವರೆಗೆ ನೀವೆಲ್ಲ ಒತ್ತೆಯಾಳುಗಳು ಎಂದ. ಕೊಚೀಸ್ ಸರಕ್ಕನೆ ಚಾಕು ತೆಗೆದು ಡೇರೆಯ ಬಟ್ಟೆ ಸೀಳಿದ. ಗುಂಡು ಹಾರುತ್ತಿರುವಾಗಲೇ ಗುಡ್ಡ ಹತ್ತಿ ಪಾರಾದ. ಮನೆಯವರು ಸಿಕ್ಕಿಬಿದ್ದರು.

ಆಗಲೂ ರಾಜಿಗೆ ದಾರಿಯಿತ್ತು. ಕುದುರೆಗಾಡಿ ನಿಲ್ದಾಣದ ನೌಕರ ವ್ಯಾಲೇಸ್ ಮತ್ತು ಇನ್ನು ಕೆಲವರನ್ನು ಕೊಚೀಸ್ ಹಿಡಿದು, ಬದಲಿಗೆ ತನ್ನವರನ್ನು ಕೇಳಿದ. ಬ್ಯಾಸ್ಕಮ್ ಹುಡುಗನಿಲ್ಲದೆ ಆಗದು ಎಂದ. ಕೊಚೀಸ್ ಹಿಡಿದವರನ್ನು ಕೊಂದ. ಸೈನಿಕರು ಅವನ ಸೋದರನೂ ಸೇರಿ ಆರು ಗಂಡಸರನ್ನು ಮರಕ್ಕೆ ನೇಣು ಹಾಕಿದರು. ನನ್ನ ಪ್ರಕಾರ ಯುದ್ಧ ಶುರುವಾದದ್ದು ಆ ಮರದ ಕೆಳಗೆ. 1863ರಲ್ಲಿ ಕೊಚೀಸನ ಮಾವ ಮಂಗಾಸ್ ಕೊಲರಾಡಾಸ್ ಮಾತುಕತೆಗೆ ಬಂದು, ಅಮೆರಿಕದ ಸೈನಿಕರಿಗೆ ಸೆರೆ ಸಿಕ್ಕಿ, ಕಾವಲಿನಲ್ಲೇ ಕೊಲೆಯಾದ. ಆಮೇಲೆ ಕೊಚೀಸ್ ಯಾರನ್ನು ನಂಬಬೇಕಿತ್ತು?

ಹಾಗಂತ ಅವನೇನು ಸಾಧು ಅಲ್ಲ. ಗಡಿಯಾಚೆ ಮೆಕ್ಸಿಕೋದ ಸೊನೋರಾದಲ್ಲಿ ದನ, ಕುದುರೆ ಕೊಳ್ಳೆ ಹೊಡೆಯುವುದು ಅವನ ಜನಕ್ಕೆ ಮೊದಲಿನಿಂದಲೂ ರೂಢಿ. ಯುದ್ಧದಲ್ಲಿ ಏನೂ ತಪ್ಪು ಮಾಡದ ದಾರಿಹೋಕರೂ ಸತ್ತರು.

1872ರಲ್ಲಿ ಅಮೆರಿಕದ ಜನರಲ್ ಹೋವರ್ಡ್, ಕೊಚೀಸನ ಗೆಳೆಯ ಟಾಮ್ ಜೆಫರ್ಡ್ಸ್ ಜೊತೆ, ಸೈನ್ಯವಿಲ್ಲದೆ ಕೊಚೀಸ್ ಇದ್ದ ಡ್ರಗೂನ್ ಬೆಟ್ಟಕ್ಕೆ ಹೋದ. ರಾಜಿಯಾಯಿತು. ಕೊಚೀಸ್ ಕೇಳಿದ ನೆಲವೇ ಸಿಕ್ಕಿತು, ಜೆಫರ್ಡ್ಸ್‌ನೇ ಅಲ್ಲಿನ ಅಧಿಕಾರಿಯಾದ. ಕೊಚೀಸ್ 1874ರಲ್ಲಿ ತೀರಿಕೊಂಡ. ಎರಡೇ ವರ್ಷಕ್ಕೆ ಸರ್ಕಾರ ಆ ಜಾಗ ಕಿತ್ತುಕೊಂಡು, ಅವನ ಜನರಲ್ಲಿ ಹಲವರನ್ನು ಸ್ಯಾನ್ ಕಾರ್ಲೋಸ್ ಎಂಬ ಬೇರೆ ಮೀಸಲು ಪ್ರದೇಶಕ್ಕೆ ಸಾಗಿಸಿತು.

ಇನ್ನು ಫೋಟೋ. ಇವನೇ ಕೊಚೀಸ್ ಎಂದು ಖಚಿತವಾಗಿ ಹೇಳಬಹುದಾದ ಒಂದೂ ಫೋಟೋ ಇಲ್ಲ. ಮಗ ನೈಚೆಯದ್ದು ಇವೆ, ಇನ್ನೊಬ್ಬ ಅಪಾಚೆ ನಾಯಕ ಜೆರೊನಿಮೊ ಪಕ್ಕ ಇರುವುದೂ ಇದೆ. ಜಾಗ ಸಿಕ್ಕರೆ ಮುಂದಿನ ಸಂಚಿಕೆಯಲ್ಲಿ ಅದನ್ನು ಹಾಕೋಣ.

— ಸಂಪಾದಕ